ಹಳೇ ಹೈಬ್ರಿಡ್ ಸೈಕಲ್ಲನ್ನು ದೂರದ ಸವಾರಿಗೆ ಸಜ್ಜು ಮಾಡುವುದು ಹೇಗೆ?

ಮನೆಯಲ್ಲಿ ಹಳೇ ಹೈಬ್ರಿಡ್ ಸೈಕಲ್ (ರೋಡ್ ಬೈಕ್ ಮತ್ತು ಮೌಂಟನ್ ಬೈಕಿನ ನಡುವಿನ, ನೇರ ಹ್ಯಾಂಡಲ್‌ನ ಸೈಕಲ್) ಇದೆಯಾ? ಅದನ್ನು ಮಾರಿ ರೋಡ್ ಬೈಕ್, ಅಂದರೆ ತೆಳು ಟೈರಿನ ವೇಗದ ಸೈಕಲ್, ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ. ಶಿವಮೊಗ್ಗದಿಂದ ಜೋಗಕ್ಕೆ ಹೋಗಿ ಬಂದರೆ ಸುಮಾರು 200 ಕಿ.ಮೀ. ಬ್ರೆವೆ ಎಂಬ, ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಲ್ಲಿ ಇಷ್ಟು ದೂರಕ್ಕೆ ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ. ಅಂದರೆ ಊಟ, ಕಾಫಿ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಹೋದರೆ ಸಾಕು. ಈ ವೇಗ ಹೈಬ್ರಿಡ್‌ಗೆ ಕಷ್ಟವೇ ಅಲ್ಲ. ದಿನವಿಡೀ ಮೈ ನೋಯದಂತೆ, ಸುಮ್ನೆ ಶಕ್ತಿ ಸೋರಿ ಹೋಗದಂತೆ ಅದನ್ನು ತಯಾರು ಮಾಡಬೇಕು, ಅಷ್ಟೇ.

ಮೊದಲು ದುರಸ್ತಿ, ಆಮೇಲೆ ಖರೀದಿ. ಎರಡೂ ಚಕ್ರದ ಬೆಂಡ್ ತೆಗೆಸಿ, ಚಕ್ರದ ನಡುವಿನ ಹಬ್ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ, ಬ್ರೇಕ್ ಮತ್ತು ಗಿಯರ್ ಕೇಬಲ್ ಬದಲಿಸಿ. ಚೈನನ್ನು ಸ್ಕೇಲ್ ಹಿಡಿದು ನೀವೇ ಅಳೆಯಬಹುದು. ಒಂದು ಪಿನ್ನನ್ನು ಸೊನ್ನೆ ಅಂತ ಇಟ್ಟುಕೊಂಡು ಎಣಿಸಿದರೆ, ಹೊಸ ಚೈನಿನಲ್ಲಿ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತಾಯಿತು. 1/8 ಇಂಚು ದಾಟಿದ್ದರೆ ಹಿಂದಿನ ಗಿಯರ್ ಹಲ್ಲುಗಳೂ ಸವೆದಿರುತ್ತವೆ. ಆಗ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಚೈನ್ ಮಾತ್ರ ಹಾಕಿದರೆ ಏರಿನಲ್ಲಿ ಹಲ್ಲು ತಪ್ಪಿ ಹಾರುತ್ತದೆ.

ದುಡ್ಡು ಹಾಕುವುದಿದ್ದರೆ ಟೈರಿಗೆ

ಸವಾರಿಯಲ್ಲಿ ಅತಿ ದೊಡ್ಡ ವ್ಯತ್ಯಾಸ ತರುವುದು ಟೈರು. ಹಳೇ ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ 35ರಿಂದ 42 ಮಿ.ಮೀ. ಅಗಲದ, ಗಟ್ಟಿ ಮುಳ್ಳಿನ ಭಾರದ ಟೈರು ಇರುತ್ತದೆ. ಅದನ್ನು ತೆಗೆದು 32 ಮಿ.ಮೀ. ಅಗಲದ, ನಯವಾದ ಮೈಯ ಟೈರು ಹಾಕಿ. ಬದಿಯಲ್ಲಿ 32-622 ಎಂದು ಬರೆದಿರಬೇಕು: 32 ಟೈರಿನ ಅಗಲ, 622 ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿ.ಮೀ.ನಲ್ಲಿ. ಸೈಕಲ್‌ನಲ್ಲಿರುವುದು 700ಸಿ (622ರ ರಿಮ್ಮಿನ) ಚಕ್ರ ಹೌದೇ ಎಂದು ಮೊದಲು ನೋಡಿಕೊಳ್ಳಿ. ಕೆಲವು ಹೈಬ್ರಿಡ್‌ಗಳಲ್ಲಿ 26 ಇಂಚಿನ ಚಕ್ರವೂ ಇರುತ್ತದೆ.

25 ಮಿ.ಮೀ.ಗೆ ಇಳಿಯುವ ಆಸೆ ಬೇಡ. ಹಳೇ ಹೈಬ್ರಿಡ್‌ನ ಅಗಲ ರಿಮ್ಮಿಗೆ ಅಷ್ಟು ಸಣ್ಣ ಟೈರು ಸರಿಯಾಗಿ ಕೂರುವುದಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳು ಹೇಗಿರುತ್ತವೆ ಅಂತ ಗೊತ್ತಲ್ವಾ? 70 ಕೆ.ಜಿ. ತೂಕದವರು ಹಿಂದಿನ ಚಕ್ರಕ್ಕೆ 65 ಪಿಎಸ್ಐ (ಗಾಳಿಯ ಒತ್ತಡದ ಅಳತೆ), ಮುಂದಿನದಕ್ಕೆ ಸ್ವಲ್ಪ ಕಡಿಮೆ ಗಾಳಿಯಿಂದ ಶುರು ಮಾಡಿ. ಟೈರಿನ ಮೇಲೆ ಬರೆದ ಮಿತಿ ದಾಟಬೇಡಿ. ರಸ್ತೆ ಒದ್ದೆಯಿದ್ದರೆ ಇನ್ನೂ ಐದು ಪಿಎಸ್ಐ ಇಳಿಸಿ, ಹಿಡಿತ ಚೆನ್ನಾಗಿರುತ್ತದೆ.

ಹೊಸ ಅಳತೆಯ ಎರಡು ಟ್ಯೂಬ್ ಯಾವಾಗಲೂ ಜೊತೆಯಲ್ಲಿರಲಿ. ಹಳ್ಳಿಯ ಸೈಕಲ್ ಶಾಪಿನಲ್ಲಿ ಸಿಗುವ 28 ಇಂಚಿನ ಟೈರು ನೋಡಲು ಒಂದೇ ಥರ ಕಂಡರೂ ನಿಮ್ಮ ರಿಮ್ಮಿಗೆ ಆಗುವುದಿಲ್ಲ. ಅದು 635 ಮಿ.ಮೀ. ರಿಮ್ಮಿನದು. ನಿಮ್ಮದು 622. ಟ್ಯೂಬಿನಲ್ಲಿ ಸಣ್ಣ ಪ್ರೆಸ್ಟಾ ವಾಲ್ವ್ ಇದ್ದರೆ ಪುಟ್ಟ ಅಡಾಪ್ಟರ್ ಇಟ್ಟುಕೊಳ್ಳಿ. ಆಗ ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು.

ಸೀಟು

ಮೆತ್ತನೆಯ ಜೆಲ್ ಕವರ್ ತೆಗೆದುಬಿಡಿ. ಪೇಟೆಯೊಳಗೆ ಓಡಾಡಲು ಅದು ಹಿತ. ಗಂಟೆಗಟ್ಟಲೆ ಕೂತರೆ ಒಳಕ್ಕೆ ಅಮುಕಿ, ನರ ಒತ್ತಿ ಜೋಮು ಹಿಡಿಸುತ್ತದೆ. ಸ್ವಲ್ಪ ಗಟ್ಟಿಯಾದ, ನಡುವೆ ತೋಡು ಇರುವ ಸೀಟು ಒಳ್ಳೆಯದು. ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟಿನ ಎತ್ತರ ಅಷ್ಟಿರಲಿ. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸು ಬಾಗಿರುತ್ತದೆ. ಮಂಡಿಯ ಮುಂದೆ ನೋವು ಬಂದರೆ ಬಹುಪಾಲು ಸೀಟು ತಗ್ಗಾಗಿದೆ ಎಂದರ್ಥ. ಹಿಂದೆ ನೋವು ಬಂದರೆ ಎತ್ತರ ಜಾಸ್ತಿ.

ಡ್ರಾಪ್ ಹ್ಯಾಂಡಲ್ ಬೇಕೇ?

ರೋಡ್ ಬೈಕಿನಲ್ಲಿರುವಂಥ ಕೆಳಕ್ಕೆ ಬಾಗಿದ ಈ ಹ್ಯಾಂಡಲ್ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೈಬ್ರಿಡ್‌ನ ಫ್ರೇಮು ನೇರ ಹ್ಯಾಂಡಲ್‌ಗೆಂದೇ ಮಾಡಿದ್ದು, ಮೇಲಿನ ಕೊಳವೆ ಉದ್ದ. ಬಾಗಿದ ಹ್ಯಾಂಡಲ್ ಹಾಕಿದರೆ ಕೈ ಇನ್ನೂ ದೂರ ಚಾಚಬೇಕಾಗಿ ಬೆನ್ನು, ಕುತ್ತಿಗೆ ಹಿಡಿಯುತ್ತದೆ. ಈಗಿರುವ ಲಿವರ್ ಮತ್ತು ಶಿಫ್ಟರ್ ಅದರ ಮೇಲೆ ಕೂರುವುದಿಲ್ಲ. ಹೊಸ ರೋಡ್ ಲಿವರ್ ತಂದರೂ ಅದು ವಿ-ಬ್ರೇಕಿಗೆ (ಎರಡು ಉದ್ದ ತೋಳಿನಿಂದ ರಿಮ್ಮನ್ನು ಹಿಡಿಯುವ ಬ್ರೇಕಿಗೆ) ಬೇಕಾದಷ್ಟು ಕೇಬಲ್ ಎಳೆಯುವುದಿಲ್ಲ. ಘಾಟಿ ಇಳಿಯುವಾಗ ಇದು ನಿಜಕ್ಕೂ ಅಪಾಯ. ಒಂದರ ಹಿಂದೆ ಒಂದು ಭಾಗ ಬದಲಿಸುತ್ತಾ ಹೋದರೆ ಸೈಕಲ್ಲಿನ ಬೆಲೆಗಿಂತ ಖರ್ಚೇ ಮುಂದೆ ಹೋಗುತ್ತದೆ.

ದೂರ ಹೋಗುವಾಗ ಕೈ ಜೋಮು ಹಿಡಿಯದಂತೆ ಹಿಡಿತ ಬದಲಿಸುತ್ತಿರಬೇಕು. ಅದಕ್ಕೆ ಹ್ಯಾಂಡಲ್ ತುದಿಗೆ ಹಾಕುವ ಬಾರ್ ಎಂಡ್ ಸಾಕು. ಇನ್ನೂ ಬೇಕೆಂದರೆ ಚಿಟ್ಟೆಯ ಆಕಾರಕ್ಕೆ ಬಾಗಿದ ಬಟರ್‌ಫ್ಲೈ ಹ್ಯಾಂಡಲ್ ಇದೆ. ಹಳೇ ಲಿವರ್, ಶಿಫ್ಟರ್ ಎರಡೂ ಅದಕ್ಕೆ ಕೂರುತ್ತವೆ.

ಸಣ್ಣ ಗಿಯರ್ ಕಳೆದುಕೊಳ್ಳಬೇಡಿ

ಮುಂದೆ ಮೂರು ಚಕ್ರದ ಗಿಯರ್ ಹಳತು ಅಂತ ತೆಗೆಸುವವರಿದ್ದಾರೆ. ಮಲೆನಾಡಿನಲ್ಲಿ ಅದೇ ನಿಮ್ಮ ಆಸ್ತಿ. ಮುಂದೆ 28, ಹಿಂದೆ 32 ಹಲ್ಲಿನ ಗಿಯರ್ ಹಾಕಿದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 1.9 ಮೀಟರ್ ಸಾಗುತ್ತದೆ. ಮುಂದೆ 34, ಹಿಂದೆ 28 ಹಲ್ಲಿನ ರೋಡ್ ಬೈಕಿನಲ್ಲಿ ಅದೇ ಸುತ್ತಿಗೆ 2.6 ಮೀಟರ್. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ, ಹೊಸಂಗಡಿ ಕಡೆಯಿಂದ ಹುಲಿಕಲ್ ಘಾಟಿ ಏರುವಾಗ ಈ ವ್ಯತ್ಯಾಸ ಮಂಡಿಗೆ ಗೊತ್ತಾಗುತ್ತದೆ.

ಮುಂದಿನ ಸಸ್ಪೆನ್ಷನ್ ಫೋರ್ಕಿಗೆ (ಮುಂದಿನ ಚಕ್ರ ಹಿಡಿದಿರುವ, ಸ್ಪ್ರಿಂಗ್ ಇರುವ ಕವೆಗೆ) ಲಾಕ್ ಇದ್ದರೆ ಡಾಂಬರು ರಸ್ತೆಯಲ್ಲಿ ಲಾಕ್ ಮಾಡಿ. ಏರಿನಲ್ಲಿ ಎದ್ದು ತುಳಿದಾಗ ಶಕ್ತಿಯೆಲ್ಲ ಅದರ ಸ್ಪ್ರಿಂಗಿಗೇ ಹೋಗಬಾರದು. ತುಕ್ಕು ಹಿಡಿದು ಕೆಟ್ಟಿದ್ದರೆ ಸಾದಾ ಫೋರ್ಕ್ ಹಾಕಿಸಿ, ತೂಕವೂ ಇಳಿಯುತ್ತದೆ. ಹೊಸ ಫೋರ್ಕಿನ ಉದ್ದ ಹಳೆಯದಕ್ಕೆ ಹತ್ತಿರವೇ ಇರಲಿ. ತೀರಾ ಗಿಡ್ಡವಾದರೆ ಮುಂಭಾಗ ತಗ್ಗಿ ಹ್ಯಾಂಡಲ್ ನಿಲ್ಲದೆ ತುಯ್ದಾಡುತ್ತದೆ.

ಮಳೆಗೆ

ಚಕ್ರದ ಪೂರ್ತಿ ಸುತ್ತು ಮುಚ್ಚುವ ಮಡ್‌ಗಾರ್ಡ್ ಹಾಕಿಸಿ. ಅದಕ್ಕೆ ಬೇಕಾದ ಜಾಗ ಹೈಬ್ರಿಡ್‌ನಲ್ಲಿ ಇದ್ದೇ ಇದೆ. ಬೆನ್ನಿಗೆ ಕೆಸರು ಸಿಡಿಯುವುದು ತಪ್ಪುತ್ತದೆ, ಚೈನಿಗೂ ಕೊಳೆ ಕಡಿಮೆ. ಒದ್ದೆ ಮರಳು ಬ್ರೇಕ್ ರಬ್ಬರಿನಲ್ಲಿ ಸಿಕ್ಕಿಕೊಂಡರೆ ರಿಮ್ಮನ್ನೇ ತೇಯುತ್ತದೆ. ಮಳೆಯಲ್ಲಿ ಹೋಗಿ ಬಂದ ದಿನ ರಬ್ಬರ್ ಒರೆಸಿ, ಚುಚ್ಚಿಕೊಂಡ ಹರಳು ಕಿತ್ತು ತೆಗೆಯಿರಿ. ಚೈನಿಗೆ ಮಳೆಗಾಲದ ಎಣ್ಣೆ ಹಾಕಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ. ಆಗುಂಬೆ ಕಡೆ ಮಂಜು ಕವಿದರೆ ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಎಲ್ಲ ಆದ ಮೇಲೆ ನೇರವಾಗಿ ಜೋಗಕ್ಕೆ ಹೊರಡಬೇಡಿ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಗೆ ಹೋಗಿ ಬನ್ನಿ, ಸುಮಾರು 60 ಕಿ.ಮೀ. ಆಗುತ್ತದೆ. ಕ್ಯಾರಿಯರ್‌ನಲ್ಲಿ ಸಾಮಾನು, ಎರಡು ಬಾಟಲಿ ನೀರು, ಟ್ಯೂಬು, ಪಂಪು, ಪಾನಾ ಎಲ್ಲ ನಿಜವಾದ ಸವಾರಿಯಲ್ಲಿ ಇರುವಷ್ಟೇ ಇರಲಿ. ಎಲ್ಲಿ ನೋವು, ಎಲ್ಲಿ ಸದ್ದು ಅಂತ ಬರೆದಿಟ್ಟುಕೊಳ್ಳಿ. ಸೀಟನ್ನು ಒಂದು ಸಲಕ್ಕೆ ಐದು ಮಿ.ಮೀ.ಗಿಂತ ಜಾಸ್ತಿ ಏರಿಸಿ ಇಳಿಸಬೇಡಿ. ಬದಲಿಸುವ ಮುಂಚೆ ಹಳೇ ಎತ್ತರಕ್ಕೆ ಸೀಟಿನ ಕೊಳವೆ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.