ಬ್ಯಾಡಗಿಯ ಸರ್ವರ್‌ಗೆ ಹುಬ್ಬಳ್ಳಿಯಿಂದಲೇ ಹೊಸ ಡಿಸ್ಕ್

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಸರ್ವರ್ ನನ್ನ ಸುಪರ್ದಿಯಲ್ಲಿದೆ. ಡಬ್ಬಿ ತಳಿ ಎಷ್ಟು ಚೀಲ, ಕಡ್ಡಿ ತಳಿ ಎಷ್ಟು ಚೀಲ, ಯಾರಿಗೆ ಎಷ್ಟು ಪಟ್ಟಿ (ಮಾರಾಟದ ಬಿಲ್), ಎಲ್ಲ ಅದರಲ್ಲೇ. ಹಳೇ ಡೆಸ್ಕ್‌ಟಾಪ್, ಅದರ ಮೇಲೆ ಡೆಬಿಯನ್ ಲಿನಕ್ಸ್. ಫ್ಯಾನ್ ಬಿಚ್ಚಿದರೆ ಕೆಂಪು ಧೂಳು, ಸೀನು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' 8 ಇದ್ದದ್ದು ಹದಿನೈದು ದಿನದಲ್ಲಿ 104 ಆಯಿತು. ಡಿಸ್ಕ್ ಓದಲಾಗದೆ ಬಾಕಿ ಉಳಿಸಿಕೊಂಡ ಜಾಗಗಳ ಲೆಕ್ಕ ಅದು. ಹೀಗೆ ಏರತೊಡಗಿದರೆ ಆ ಡಿಸ್ಕನ್ನು ನಂಬುವಂತಿಲ್ಲ. ಫೋನ್ ಮಾಡಿದೆ. ಸಾವಕಾರರು ಕೇಳಿದ್ದು ಒಂದೇ: "ಸೋಮವಾರ ಟೆಂಡರ್ ಐತ್ರಿ. ಅಷ್ಟರಾಗ ಆಗತೈತಲ್ಲ?" ಅಲ್ಲಿ ಟೆಂಡರ್ ಸೋಮವಾರ, ಗುರುವಾರ. ಸಿಕ್ಕಿದ್ದು ಶುಕ್ರವಾರದಿಂದ ಭಾನುವಾರದವರೆಗೆ.

ನಾನೇ ಹೋಗಬಹುದಿತ್ತು. ಆದರೆ ಅವ್ವನ ಕಣ್ಣಿನ ಆಪರೇಷನ್ ಆಗಿತ್ತು, ನಾಲ್ಕು ತಾಸಿಗೊಮ್ಮೆ ಡ್ರಾಪ್ಸ್ ಹಾಕಬೇಕು. ಹೊಸ 1 ಟಿಬಿ ಡಿಸ್ಕನ್ನು ಬಸ್ಸಿಗೆ ಹಾಕಿ ಕಳಿಸಿದೆ.

ಮೊದಲು ಬ್ಯಾಕಪ್ ತೆಗೆದುಕೊಂಡೆ. ಸೊರಗಿದ ಡಿಸ್ಕನ್ನು ಒಮ್ಮೆ ಆಫ್ ಮಾಡಿದರೆ ಮತ್ತೆ ತಿರುಗದೇ ಇರಬಹುದು. ಆಮೇಲೆ ಅಂಗಡಿಯ ಹುಡುಗನಿಗೆ ವೀಡಿಯೊ ಕಾಲ್‌ನಲ್ಲಿ ಕೇಬಲ್ ತೋರಿಸಿಕೊಟ್ಟೆ. "ಕೂತೈತ್ರಿ ಸರ, ಟಕ್ ಅಂತು" ಎಂದ. ಹೊಸ ಡಿಸ್ಕಿನ ಸೀರಿಯಲ್ ನಂಬರ್ ಓದಿಸಿ ಬರೆದುಕೊಂಡೆ. ಎಸ್‌ಡಿಎ, ಎಸ್‌ಡಿಬಿ ಅಂತ ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳು ರೀಬೂಟ್ ಆದರೆ ಅದಲುಬದಲಾಗಬಹುದು. ಹಳೇದನ್ನೇ ಫಾರ್ಮ್ಯಾಟ್ ಮಾಡಿದರೆ ಮುಗೀತು, ಅಲ್ವಾ?

ಇಡೀ ಡಿಸ್ಕನ್ನು ಇದ್ದದ್ದು ಇದ್ದಂತೆ ನಕಲು ಮಾಡುವ ಡಿಡಿ ಕಮಾಂಡ್ ಹೊಡೆದರೆ ಸುಲಭ ಅನ್ನುವವರಿದ್ದಾರೆ. ನಾನು ಬೇಡ ಅಂದೆ. ಡಿಡಿ ಮಾಡಿದರೆ ಎರಡೂ ಡಿಸ್ಕಿಗೆ ಒಂದೇ ಯುಯುಐಡಿ (ಗುರುತಿನ ನಂಬರ್) ಬರುತ್ತದೆ, ಎದ್ದದ್ದು ಯಾವುದರಿಂದ ಅಂತ ಸರ್ವರ್‌ಗೇ ಗೊತ್ತಾಗಲ್ಲ. ಕೆಟ್ಟ ಸೆಕ್ಟರ್ ಬಂದರೆ ಅಲ್ಲೇ ನಿಲ್ಲುತ್ತದೆ ಕೂಡ. ಹೊಸ ಡಿಸ್ಕನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಟಿಮಕ್ಸ್ ಒಳಗೆ, ಫೈಲ್ ಫೈಲಾಗಿ ಕಾಪಿ ಮಾಡುವ ಆರ್‌ಸಿಂಕ್ ಓಡಿಸಿದೆ. ನನ್ನ ಕಡೆ ಇಂಟರ್‌ನೆಟ್ ಹೋದರೂ ಅಲ್ಲಿ ಕಾಪಿ ನಿಲ್ಲಬಾರದಲ್ಲ. ಆರ್‌ಸಿಂಕ್‌ಗೆ 'ಈ ಒಂದು ಫೈಲ್‌ಸಿಸ್ಟಮ್ ಬಿಟ್ಟು ಆಚೆ ಹೋಗಬೇಡ' ಅನ್ನುವ ಸಣ್ಣ ಎಕ್ಸ್ (-x) ಆಪ್ಷನ್ ಬಿಡಬಾರದು. ಬಿಟ್ಟರೆ ಪ್ರೊಕ್, ಸಿಸ್ ಅನ್ನುವ, ನಿಜವಾಗಿ ಡಿಸ್ಕಿನಲ್ಲಿಲ್ಲದ ಫೋಲ್ಡರ್‌ಗಳಿಗೂ ಕೈ ಹಾಕಿ, ಹೊಸ ಡಿಸ್ಕಿನೊಳಗೆ ಹೊಸ ಡಿಸ್ಕನ್ನೇ ತುಂಬಲು ಹೋಗುತ್ತದೆ.

140 ಜಿಬಿಗೆ ಮೂರು ತಾಸು. 11 ಫೈಲ್‌ಗಳಿಗೆ 'ಇನ್‌ಪುಟ್ ಔಟ್‌ಪುಟ್ ಎರರ್'. ಜಾಸ್ತಿ ಲಾಗ್‌ಗಳೇ, ಎರಡು ಸ್ಕ್ಯಾನ್ ಬಿಲ್‌ಗಳಿದ್ದವು, ಬ್ಯಾಕಪ್‌ನಿಂದ ತಂದು ಹಾಕಿದೆ. ಹೊಸ ಡಿಸ್ಕಿನ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅಂತ ಬರೆದಿಡುವ ಫೈಲ್) ಯುಯುಐಡಿ ಬದಲಿಸಿ, ಸಿಎಚ್‌ರೂಟ್‌ನಿಂದ ಆ ಡಿಸ್ಕಿನ ಸಿಸ್ಟಮ್ ಒಳಗೇ ಹೋಗಿ, ಮಷೀನನ್ನು ಎಬ್ಬಿಸುವ ಗ್ರಬ್ ಕೂರಿಸಿದೆ.

ನಿಜವಾದ ಹೆದರಿಕೆ ರೀಬೂಟ್. ಏಳದಿದ್ದರೆ ಅಲ್ಲಿ ಕೀಬೋರ್ಡ್ ಮುಂದೆ ಕೂರುವವರು ಯಾರು? ಅದಕ್ಕೇ ಹಳೇ ಡಿಸ್ಕಿನ ಗ್ರಬ್ ಮುಟ್ಟಿ ಕೆಡಿಸಲಿಲ್ಲ. ಅದರಲ್ಲೇ ಹೊಸ ಡಿಸ್ಕಿಗೆ ಒಂದು ಎಂಟ್ರಿ ಸೇರಿಸಿ, ಡೀಫಾಲ್ಟ್ 'ಸೇವ್ಡ್' ಮಾಡಿ, ಗ್ರಬ್-ರೀಬೂಟ್ ಕೊಟ್ಟೆ. ಮುಂದಿನ ಒಂದೇ ಒಂದು ಸಲ ಹೊಸದರಿಂದ ಏಳು, ಆಮೇಲೆ ಹಳೇದೇ ಅಂತ ಅದರರ್ಥ. ಆ ಎಂಟ್ರಿಯ ಕರ್ನಲ್ ಸಾಲಿಗೆ ಪ್ಯಾನಿಕ್=10 ಹಾಕಿದೆ. ರೂಟ್, ಅಂದರೆ ಸಿಸ್ಟಮ್ ಇರುವ ಡಿಸ್ಕಿನ ಭಾಗ, ಸಿಗದಿದ್ದರೆ ಸುಮ್ನೆ ನಿಲ್ಲದೆ ಹತ್ತು ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತದೆ.

ಶನಿವಾರ ರಾತ್ರಿ ರೀಬೂಟ್ ಒತ್ತಿದೆ. ಸರ್ವರ್ ಎಚ್ಚರ ಇದೆಯಾ ಅಂತ ಕೇಳುತ್ತಿದ್ದ ಪಿಂಗ್‌ಗೆ ಉತ್ತರ ನಿಂತಿತು. ಅವ್ವನ ಕಣ್ಣಿಗೆ ಎರಡು ಹನಿ ಹಾಕಿ ಬಂದೆ. ಪಿಂಗ್ ಬಂದಿತ್ತು! ಲಾಗಿನ್ ಆಗಿ ನೋಡಿದರೆ ರೂಟ್ ಹಳೇ ಡಿಸ್ಕೇ. ಗ್ರಬ್ ಎಂಟ್ರಿ ತೆಗೆದು ಅಕ್ಷರ ಅಕ್ಷರ ನೋಡಿದೆ. ಕರ್ನಲ್ ಸಾಲಿನಲ್ಲಿ ಯುಯುಐಡಿ ಕೈಯಿಂದ ಹೊಡೆದಿದ್ದೆ, 'ಬಿ' ಇರುವಲ್ಲಿ 6 ಬಿದ್ದಿತ್ತು. ಪ್ಯಾನಿಕ್ ಸಾಲು ಇರದಿದ್ದರೆ ಆ ರಾತ್ರಿಯೇ ಬ್ಯಾಡಗಿ ಬಸ್ಸು ಹಿಡಿಯಬೇಕಿತ್ತು.

ಸರಿ ಮಾಡಿದೆ. ಡೇಟಾಬೇಸ್ ನಿಲ್ಲಿಸಿ ಇನ್ನೊಮ್ಮೆ ಆರ್‌ಸಿಂಕ್. ಈ ಸಲ ಹೊಸ ಡಿಸ್ಕಿಗೆ ತಿದ್ದಿದ್ದ ಎಫ್‌ಎಸ್‌ಟ್ಯಾಬ್ ಮತ್ತು ಗ್ರಬ್ ಫೈಲ್‌ಗಳನ್ನು ಹೊರಗಿಟ್ಟೆ, ಇಲ್ಲದಿದ್ದರೆ ಹಳೇವು ಬಂದು ಕೂರುತ್ತಿದ್ದವು. ಬದಲಾದ ಫೈಲ್‌ಗಳಷ್ಟೇ ಹೋದದ್ದರಿಂದ ಬೇಗ ಮುಗಿಯಿತು. ರೀಬೂಟ್. ರೂಟ್ ಹೊಸ ಡಿಸ್ಕ್.

ಇಲ್ಲೊಂದು ಗುಂಡಿ ಇದೆ. ಡೀಫಾಲ್ಟ್ ಇನ್ನೂ ಹಳೇದೇ. ರಾತ್ರಿ ಕರೆಂಟ್ ಹೋಗಿ ಬಂದರೆ ಹಳೇ ಡಿಸ್ಕಿನಿಂದ ಏಳುತ್ತದೆ, ಅರ್ಧ ಲೆಕ್ಕ ಇಲ್ಲಿ ಅರ್ಧ ಅಲ್ಲಿ. ಅದಕ್ಕೆ ಡೇಟಾಬೇಸ್ ಶುರು ಮಾಡದೆ ಬಿಟ್ಟು, ಭಾನುವಾರ ಬೆಳಿಗ್ಗೆ ಮಷೀನ್ ಆಫ್ ಮಾಡಿಸಿ, ಹುಡುಗನಿಂದ ಹಳೇ ಡಿಸ್ಕಿನ ಕೇಬಲ್ ತೆಗೆಸಿದೆ. ತೆಗೆಯುವ ಮೊದಲು ಮತ್ತೆ ಸೀರಿಯಲ್ ನಂಬರ್ ಓದಿಸಿದೆ. "ನಿನ್ನೆ ಓದೀನಲ್ರಿ ಸರ" ಅಂದ. "ನಿನ್ನೆ ಓದಿದ್ದು ಹೊಸದರದ್ದು, ಈಗ ಹಳೇದರದ್ದು ಓದಪಾ" ಅಂದೆ. ಹೊಸ ಡಿಸ್ಕ್ ತನ್ನದೇ ಗ್ರಬ್‌ನಿಂದ ಎದ್ದಿತು. ಸೋಮವಾರ ಟೆಂಡರ್ ನಡೆಯಿತು, ಪಟ್ಟಿಗಳು ಬಂದವು.

ಹಳೇ ಡಿಸ್ಕ್ ಮರುದಿನ ಬಸ್ಸಿನಲ್ಲಿ ಬಂತು. ಕವರ್ ಬಿಚ್ಚುತ್ತಿದ್ದಂತೆ ಮೂರು ಸೀನು ಬಂದವು. ಒಳಗಿನಿಂದ ಅವ್ವ ಕೂಗಿದಳು: "ಏನ್ ತಂದೀಯೋ ಅದು, ಮೊದಲ ಹೊರಗಿಡು, ಕಣ್ಣಿಗೆ ಕಾರ ಆಗತೈತಿ!"