ಮರಳಲ್ಲಿ ಹೂತ್ರೆ ಮುಂದಕ್ಕಲ್ಲ, ಹಿಂದಕ್ಕೆ

ಜೈಸಲ್ಮೇರ್ ಕಡೆ ಹೊರಟಿರೋ ದುರ್ಗದ ಜೀಪ್ ಗೆಳೆಯರಿಗೆ: ಮರಳ ದಿಬ್ಬದಲ್ಲಿ ಚಕ್ರ ಹೂತ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ನಾಲ್ಕೂ ಟೈರಿನ ಗಾಳಿ 15 ಪಿಎಸ್‌ಐಗೆ ಇಳಿಸಿ, ಸ್ಟೀರಿಂಗ್ ನೇರ ಇಟ್ಟು ಬಂದ ಜಾಡಲ್ಲೇ ರಿವರ್ಸ್ ಬನ್ನಿ. ಗಾಳಿ ಕಮ್ಮಿಯಾದ ಟೈರು ತಟ್ಟಿದ ರೊಟ್ಟಿ ಹಂಗೆ ಹರಡಿಕೊಂಡು ಭಾರ ಹಂಚುತ್ತೆ. ಜಾಡಿನ ಮರಳು ಆಗಲೇ ತುಳಿದು ಗಟ್ಟಿಯಾಗಿರುತ್ತೆ. ಗಾಡಿ ಹೊಟ್ಟೆ ಮರಳಿಗೆ ಕೂತಿದ್ರೆ ಇದು ನಡೆಯಲ್ಲ, ಮೊದಲು ಸಲಿಕೆ ಹಿಡಿದು ಅಡಿಯಿಂದ ಬಗೀಬೇಕು. ಹಿಂದಿನ ಗಾಡಿಯಿಂದ ಎಳೆಸೋದಾದ್ರೆ ಹಗ್ಗಾನ ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಉಂಡೆ) ಯಾವ ಕಾರಣಕ್ಕೂ ಕಟ್ಟಬೇಡಿ, ಅದು ಕಿತ್ತು ಬಂದ್ರೆ ಗುಂಡಿನಂಗೆ ಹಾರುತ್ತೆ. ಇಳಿಸಿದ ಗಾಳೀಲಿ ಗಕ್ಕನೆ ತಿರುಗಿಸಿದ್ರೆ ಟೈರು ರಿಮ್ ಬಿಡಬಹುದು. ಮಳೆ ಬಿದ್ದ ನಮ್ಮ ಎರೆ ಹೊಲದಲ್ಲಿ ಇದನ್ನ ನಂಬ್ಕೋಬೇಡಿ. ಟೈರಿನ ಸಂದಿಗೆಲ್ಲ ಮಣ್ಣು ಮೆತ್ತಿ ನುಣ್ಣಗಾಗಿಬಿಡುತ್ತೆ, ಅಲ್ಲಿ ಟ್ರ್ಯಾಕ್ಟರೇ ಗತಿ.