ಗೇರ್‌ಬಾಕ್ಸ್ ಆಯಿಲ್ ಇಳಿಸುವ ಮುನ್ನ ತುಂಬುವ ಪ್ಲಗ್ ಬಿಚ್ಚಿ ನೋಡಿ

ಜೆಡ್‌ಎಫ್ 8ಎಚ್‌ಪಿ (ಜೆಡ್‌ಎಫ್ ಕಂಪನಿಯ ಎಂಟು ಗೇರ್‌ಗಳ) ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಬಿಎಂಡಬ್ಲ್ಯು ಕಾರಿನ ಗೇರ್‌ಬಾಕ್ಸ್ ಆಯಿಲ್ ಮತ್ತು ಫಿಲ್ಟರನ್ನು ಮನೆಯಲ್ಲೇ ಬದಲಿಸುವವರಿಗೆ ಒಂದು ಮಾತು. ಫಿಲ್ಟರ್ ಗೇರ್‌ಬಾಕ್ಸ್ ಅಡಿಯ ಪ್ಲಾಸ್ಟಿಕ್ ಪ್ಯಾನ್‌ನೊಳಗೇ (ಆಯಿಲ್ ನಿಲ್ಲುವ ತಟ್ಟೆ) ಅಡಕವಾಗಿರುತ್ತದೆ. ಹಾಗಾಗಿ ಇಡೀ ಪ್ಯಾನನ್ನೇ ಬದಲಿಸಬೇಕು. ‘ಈ ಆಯಿಲ್ ಜೀವಮಾನವಿಡೀ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಲು ಹೇಳುತ್ತದೆ.

ಕಾರನ್ನು ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಸಮತಟ್ಟಾಗಿ ನಿಲ್ಲಿಸಿ. ಬರೀ ಜಾಕ್ ನಂಬಿ ಅಡಿಗೆ ನುಸುಳುವುದು ಬೇಡವೇ ಬೇಡ. ಮೊದಲು ಆಯಿಲ್ ತುಂಬುವ ಪ್ಲಗ್ ಸಡಿಲಿಸಿ. ಅದು ಜಗ್ಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಲಿ; ಹಳೆಯದೆಲ್ಲ ಸುರಿದ ಮೇಲೆ ಹೊಸದನ್ನು ತುಂಬಲು ದಾರಿ ಇಲ್ಲವಾದರೆ ಕಾರನ್ನು ಎಳೆಸಿಕೊಂಡು ಹೋಗುವುದೇ ಗತಿ.

ಹಳೆಯ ಪ್ಯಾನ್‌ನ ಆಯಸ್ಕಾಂತಗಳನ್ನು ಬೆರಳಿನಿಂದ ಒರೆಸಿ ನೋಡಿ. ಕಾಡಿಗೆಯಂತೆ ನುಣ್ಣನೆಯ ಬೂದು ಕೆಸರು ಸಹಜ; ಲೋಹದ ಚೂರು ಚುಚ್ಚಿದರೆ ಮೆಕ್ಯಾನಿಕ್‌ಗೆ ತೋರಿಸಿ. ಬೋಲ್ಟ್‌ಗಳು ಹೊಸವೇ ಇರಲಿ, ಟಾರ್ಕ್ ವ್ರೆಂಚ್‌ನಿಂದಲೇ (ಎಷ್ಟು ಬಿಗಿಯಾಗಿದೆ ಎಂದು ಅಳೆಯುವ ಸ್ಪ್ಯಾನರ್) ಬಿಗಿಯಿರಿ. ಪ್ಲಾಸ್ಟಿಕ್ ಪ್ಯಾನ್ ತೋಳ್ಬಲವನ್ನು ಸಹಿಸುವುದಿಲ್ಲ.

ಹೊಸ ಆಯಿಲ್ ತುಂಬಿದ ಮೇಲೆ ಅದರ ಕೊನೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಬ್ರೇಕ್ ಒತ್ತಿಕೊಂಡು ಎಲ್ಲ ಗೇರ್‌ಗಳಿಗೂ ಹಾಕಿ, ಪಾರ್ಕ್‌ಗೆ ತನ್ನಿ. ಆಯಿಲ್ 30ರಿಂದ 50 ಡಿಗ್ರಿ ಸೆಲ್ಸಿಯಸ್ ಇರುವಾಗ ತುಂಬುವ ತೂತಿನಿಂದ ಸಣ್ಣಗೆ ಹೊರಬಂದರೆ ಪ್ಲಗ್ ಮುಚ್ಚಿ. ತಾಪಮಾನ ತಿಳಿಯಲು ಕಾರಿನ ಕಂಪ್ಯೂಟರ್‌ಗೆ ಜೋಡಿಸಿ ಓದುವ ಸ್ಕ್ಯಾನರ್ ಬೇಕು, ಅಂದಾಜು ನಡೆಯದು.